ಹತ್ತೊಂಬತ್ತು ಮಕ್ಕಳ ತಂದೆ

ನನ್ನ ಕೆಲಸದ ಹೆಸರು ಅಡ್ಮಿಷನ್ ಕೌನ್ಸೆಲರ್. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಮ್ಮ ಬೀದಿಯವರೆಲ್ಲ ಮಾಲಿನಿ, ಅಂದರೆ ನಾನು, ಕಾಲೇಜಿನಲ್ಲಿ ಮಕ್ಕಳಿಗೆ ಬುದ್ಧಿ ಹೇಳುತ್ತಾಳೆ ಅಂತ ತಿಳಿದುಕೊಂಡಿದ್ದಾರೆ. ಅಮ್ಮನೂ ಅದನ್ನು ತಿದ್ದಲು ಹೋಗಿಲ್ಲ. ನಿಜವಾದ ಕೆಲಸ ಏನೆಂದರೆ, ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಮುಖ ನೋಡದವರಿಗೆ ಫೋನ್ ಮಾಡಿ, ಅವರ ಮಕ್ಕಳ ಸಿಇಟಿ ರ‍್ಯಾಂಕನ್ನು ಅವರಿಗೇ ತಿಳಿಸುವುದು.

ಎಷ್ಟೋ ಮನೆಗಳಿಗೆ ಆ ಸುದ್ದಿ ಮೊದಲು ಮುಟ್ಟುವುದೇ ನಮ್ಮಿಂದ. ಗುಬ್ಬಿ ಕಡೆಯ ಒಬ್ಬರಿಗೆ ನಾನು ಹೀಗೇ ಫೋನ್ ಮಾಡಿ, "ನಿಮ್ಮ ಮಗನಿಗೆ ಒಂದು ಲಕ್ಷದ ಇಪ್ಪತ್ತು ಸಾವಿರ ಬಂದಿದೆ ಸರ್, ಯೋಚನೆ ಮಾಡಬೇಡಿ, ನಮ್ಮಲ್ಲಿ ಸೀಟಿದೆ" ಅಂದೆ. "ನಮ್ಮೈದ ಇಪ್ಪತ್ತು ಸಾವ್ರ ಅಂದಿದ್ನಲ್ಲಮ್ಮ" ಅಂದರು. ಆಮೇಲೆ ಕೇಳಿಸಿದ್ದು ಏಟಿನ ಸದ್ದು. ನಮ್ಮ ಆಫೀಸಿನಲ್ಲಿ ಅಂಥ ಕರೆಗೆ 'ಆಸಕ್ತಿ ಇದೆ' ಅಂತ ಗುರುತು ಹಾಕುತ್ತಾರೆ.

ಕಾಲೇಜಿನ ಹೆಸರು ಹೇಳುವುದಿಲ್ಲ. ಇಂಥದೊಂದು ಈಗ ಎಲ್ಲ ಊರಿನ ಹೊರಗೂ ಇರುತ್ತದೆ. ಮುಂದೆ ಗಾಜು, ಹಿಂದೆ ಜಾಲಿಗಿಡ. ನಮ್ಮದು ಶಿರಾ ಗೇಟ್ ದಾಟಿ ಸ್ವಲ್ಪ ದೂರದಲ್ಲಿದೆ. ಪಾಠ ಮಾಡುವವರಿಗಿಂತ ಫೋನ್ ಮಾಡುವವರೇ ಹೆಚ್ಚು. ನಮ್ಮ ಮೇಲಿನವರು ಸಂಗಮೇಶ್ ಸರ್, ಅಡ್ಮಿಷನ್ ಡೈರೆಕ್ಟರ್. ಬೆಳಿಗ್ಗೆ ಹಣೆಗೆ ವಿಭೂತಿ ಬಳಿದುಕೊಂಡು ಬಂದು, ಮೂರು ಫೋನುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಮೂರಕ್ಕೂ ಕೈಮುಗಿದು ಕೂರುವ ಮನುಷ್ಯ. ಅವರ ಭಕ್ತಿಯ ಬಗ್ಗೆ ನನಗೆ ಎಂದೂ ಅನುಮಾನ ಬಂದಿಲ್ಲ. ಯಾವುದರ ಮೇಲೆ ಅನ್ನುವುದರಲ್ಲಿ ಮಾತ್ರ ಅನುಮಾನ.

ನಿಮ್ಮ ಮಕ್ಕಳ ರ‍್ಯಾಂಕು ನಮಗೆ ಹೇಗೆ ಸಿಗುತ್ತದೆ ಅಂತ ಕೇಳುತ್ತೀರಿ. ಕೇಳಬೇಕಾದ್ದೇ. ಫೋನ್ ನಂಬರನ್ನು ನೀವೇ ಕೊಟ್ಟಿರುತ್ತೀರಿ. ಚಳಿಗಾಲದಲ್ಲಿ ನಾವು ಪಿಯು ಕಾಲೇಜುಗಳಿಗೆ ಹೋಗಿ ಪ್ರತಿಭಾ ಪರೀಕ್ಷೆ ಮಾಡುತ್ತೇವೆ. ಬರೆದವರಿಗೆಲ್ಲ ಒಂದು ಪೆನ್ನು. ಮಕ್ಕಳು ಪಾಪ, ನಾಲಿಗೆ ಕಚ್ಚಿಕೊಂಡು ಲೆಕ್ಕ ಮಾಡುತ್ತಾರೆ. ಆ ಲೆಕ್ಕಗಳನ್ನು ಇವತ್ತಿನವರೆಗೆ ಯಾರೂ ತಿದ್ದಿಲ್ಲ. ನಾವು ಓದುವುದು ಮೊದಲ ಪುಟ ಮಾತ್ರ: ಅಪ್ಪನ ಫೋನ್ ನಂಬರ್, ತೆಂಗು ಎಷ್ಟು ಎಕರೆ, ಮನೆಯಲ್ಲಿ ಬೈಕಾ ಕಾರಾ. ಪರೀಕ್ಷೆ ಬರೆದವರೆಲ್ಲ ಪಾಸಾಗುತ್ತಾರೆ. ಕಾರಿರುವವರು ಸ್ವಲ್ಪ ಹೆಚ್ಚು ಪಾಸಾಗುತ್ತಾರೆ.

ರ‍್ಯಾಂಕು ಮತ್ತು ನಮ್ಮ ಪರೀಕ್ಷೆ ಬರೆಯದವರ ನಂಬರು ತಂದುಕೊಡುವವರು ಗುಬ್ಬಿಯ ವೆಂಕಟರಂಗಯ್ಯನವರು. ಹಿಂದೆ ಕೊಬ್ಬರಿ ದಲ್ಲಾಳಿಯಾಗಿದ್ದವರು. ಕೊಬ್ಬರಿ ರೇಟಿಗೆ ನಂಬಿಕೆಯಿಲ್ಲ ಅಂತ ಈ ಕಸುಬಿಗೆ ಇಳಿದರಂತೆ. ಫಲಿತಾಂಶ ಬಂದ ವಾರವೇ ಬಿಳಿ ಪಂಚೆಯಲ್ಲಿ ಬಂದು, ಸೊಂಟದ ಗಂಟು ಬಿಚ್ಚಿ, ಮೂರು ಪೆನ್‌ಡ್ರೈವ್ ತೆಗೆದು ಟೇಬಲ್ ಮೇಲಿಡುತ್ತಾರೆ. "ಇದು ಫಸ್ಟ್ ಕ್ವಾಲಿಟಿ, ಹತ್ತು ಸಾವ್ರದೊಳಗಿಂದು. ಇದು ನಡುವ್ಲು ಮಾಲು. ಇದು ಎಣ್ಣೆಗೋಗೋದು" ಅನ್ನುತ್ತಾರೆ. ಎಣ್ಣೆಗೆ ಹೋಗುವುದು ಅಂದರೆ ಒಂದು ಲಕ್ಷದ ಮೇಲಿನ ರ‍್ಯಾಂಕಿನ ಮಕ್ಕಳು. ಇದೆಲ್ಲ ಎಲ್ಲಿಂದ ಬರುತ್ತದೆ ಅಂತ ಒಂದು ಸಲ ಕೇಳಿದ್ದೆ. ಅವರು ಫ್ಯಾನಿನ ಕಡೆ ಬೆರಳು ತೋರಿಸಿದರು. ಮೇಲಿಂದ ಅಂತಲೋ, ಸೆಕೆ ಅಂತಲೋ, ನನಗೆ ತಿಳಿಯಲಿಲ್ಲ.

ಈ ವರ್ಷದ ಮಾಲಿನಲ್ಲೇ ನನಗೆ ಒಂದು ವಿಚಿತ್ರ ನಂಬರ್ ಸಿಕ್ಕಿದ್ದು.

ಮೊದಲು ಫೋನ್ ಮಾಡಿದ್ದು ಕೃತಿಕಾ ಅನ್ನುವ ಹುಡುಗಿಗಾಗಿ. "ಕೃತಿಕಾ ತಂದೆಯವರಾ ಸರ್?" ಅಂದೆ. "ಹೂಂ, ಹೇಳಮ್ಮ" ಅಂದರು. ಊರು ಹುಲಿಯೂರುದುರ್ಗ. ದನಿ ಬಹಳ ಮೆತ್ತಗೆ. ನಾನು ಹೇಳಿದ್ದನ್ನೆಲ್ಲ ಹೂಂಗುಟ್ಟಿ ಕೇಳಿದರು. ಮಧ್ಯಾಹ್ನ ಇನ್ನೊಬ್ಬ ಹುಡುಗನ ಸರದಿ. ಸ್ಕ್ರೀನಿನಲ್ಲಿ ಬಂದ ನಂಬರನ್ನು ಒತ್ತಿದೆ. ಅದೇ ಮೆತ್ತಗಿನ ದನಿ, ಅದೇ "ಹೂಂ, ಹೇಳಮ್ಮ." ಅವಳಿಜವಳಿ ಇರಬೇಕು ಅಂದುಕೊಂಡೆ. ಸಂಜೆ ಮೂರನೆಯದು ಬಂತು. "ಇಂಪನಾ ತಂದೆಯವರಾ?"

"ಹೂಂ ಕಣಮ್ಮ."

ನನಗೆ ತಡೆಯಲಾಗಲಿಲ್ಲ. "ಸರ್, ತಪ್ಪು ತಿಳ್ಕೋಬೇಡಿ. ನಿಮಗೆ ಒಟ್ಟು ಎಷ್ಟು ಮಕ್ಕಳು?"

ಅವರು ಒಂದು ಗಳಿಗೆ ಯೋಚನೆ ಮಾಡಿದರು. "ಈ ವರ್ಷ ಹತ್ತೊಂಬತ್ತು" ಅಂದರು.

ನಕ್ಕು ನಕ್ಕು ಸಾಕಾಗಿ, ಮೈಕ್ ಮುಚ್ಚಿ, ನೀರು ಕುಡಿದು, ಆಮೇಲೆ ವಿಚಾರಿಸಿದೆ. ಹೆಸರು ಅಡವಿಯಪ್ಪ. ಹುಲಿಯೂರುದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಹಾಕುವ ಅಂಗಡಿ. ಸುತ್ತಲಿನ ಹಳ್ಳಿಯ ಮಕ್ಕಳು ಸಿಇಟಿ ಅರ್ಜಿ ಹಾಕಲು ಅಲ್ಲಿಗೇ ಬರುತ್ತಾರೆ. ಅರ್ಜಿಗೆ ಅಪ್ಪನ ಫೋನ್ ನಂಬರ್ ಬೇಕು, ಆ ಫೋನಿಗೆ ಓಟಿಪಿ ಬರುತ್ತದೆ. ಅಪ್ಪ ರಾಗಿ ಹೊಲದಲ್ಲಿ, ಫೋನು ಮನೆಯಲ್ಲಿ ಚಾರ್ಜಿಗೆ. ಅಜ್ಜಿ ಎತ್ತಿದರೆ ಎತ್ತಿದರು. ಅಷ್ಟರಲ್ಲಿ ಓಟಿಪಿ ಸತ್ತಿರುತ್ತದೆ, ಅಂಗಡಿ ಮುಂದೆ ಸಾಲು ಬೆಳೆದಿರುತ್ತದೆ. ಅದಕ್ಕೆ ಅಡವಿಯಪ್ಪ ಎಲ್ಲರಿಗೂ ತಮ್ಮದೇ ನಂಬರ್ ಹಾಕಿದರು. ಓಟಿಪಿ ಜೇಬಿನಲ್ಲೇ ಬಂದು ಬೀಳುತ್ತದೆ, ಕೆಲಸ ಬೇಗ ಆಗುತ್ತದೆ. ಮರೆಯಬಾರದು ಅಂತ ಎಲ್ಲರಿಗೂ ಒಂದೇ ಪಾಸ್‌ವರ್ಡು.

"ಹಾಗಾದ್ರೆ 'ತಂದೆಯವರಾ' ಅಂದಾಗ ಹೂಂ ಅಂತೀರಲ್ಲ?" ಅಂದೆ.

"ಮೊದಲ್ನೇ ಸಲ ಕೇಳಿದ್ದು ಬೆಂಗ್ಳೂರಿನ್ ಯಾವ್ದೋ ಕಾಲೇಜಿನ ಹೆಣ್ಮಗಳು. ಇಂಥೋರ ತಂದೆಯವರಾ ಅಂದ್ಲು. ಇಲ್ಲ ಅನ್ನಕ್ಕೆ ನೋಡ್ದೆ, ಬಾಯಿ ಬರ್ಲಿಲ್ಲ. ನಮ್ಮನೇಲಿ ಮಕ್ಕಳಾಗ್ಲಿಲ್ಲ ಕಣಮ್ಮ. ನಮ್ ಗಂಗಲಕ್ಷ್ಮಮ್ಮ ಎಲ್ಲಾ ದೇವ್ರಿಗೂ ಹರಕೆ ಹೊತ್ಲು."

ನಗು ಅಲ್ಲೇ ನಿಂತುಹೋಯಿತು. ಮಾತು ಬದಲಾಯಿಸಬೇಕು ಅಂತ ಇಂಪನಾ ವಿಷಯ ಕೇಳಿದೆ. ಅವಳ ರ‍್ಯಾಂಕು ಆರು ಸಾವಿರದೊಳಗಿತ್ತು. ಆ ದಿನದ ಮಾಲಿನಲ್ಲೇ ಅಷ್ಟು ಒಳ್ಳೆಯದು ಇನ್ನೊಂದಿರಲಿಲ್ಲ.

"ಅವಳದ್ದಾಗ್ಲೇ ತೀರ್ಮಾನ ಆಗೈತೆ" ಅಂದರು. "ಬೆಂಗ್ಳೂರಿನ ಸರ್ಕಾರಿ ಕಾಲೇಜು, ಎಲೆಕ್ಟ್ರಾನಿಕ್ಸು. ಮೊದಲ್ನೇ ಆಯ್ಕೆ ಅದೇ ಇರ್ಲಿ ಮಾಮ, ಅಂತ ನನ್ ಕೈಲೇ ಟೈಪ್ ಮಾಡಿಸ್ತು ಮಗು. ಅದಕ್ಕೆ ಸಿಕ್ಕೇ ಸಿಗತ್ತೆ. ಅವರಪ್ಪ ಲಕ್ಷ್ಮೀನರಸಿಂಹಯ್ಯ ಅಂತ, ತೆಂಗಿನ ತೋಟ ಐತೆ, ಒಂದಿಷ್ಟು ರಾಗಿ ಹೊಲ. ಸರ್ಕಾರಿ ಕಾಲೇಜಾದ್ರೆ ನಾಲ್ಕು ವರ್ಷ ಓದಿಸ್ತಾನೆ. ನಿಮ್ಮಂಥ ಕಾಲೇಜಾದ್ರೆ ಒಂದೇ ವರ್ಷ."

ಇದನ್ನು ಸಂಗಮೇಶ್ ಸರ್‌ಗೆ ಹೇಳಿದ್ದು ಡೇಟಾದಲ್ಲಿ ತಪ್ಪಿದೆ, ಸರಿಮಾಡಿ ಅಂತ. ಹತ್ತೊಂಬತ್ತು ಮಕ್ಕಳು ಒಂದೇ ತಂದೆಗೆ, ಒಂದೇ ವರ್ಷ ಹುಟ್ಟಿವೆ ಅಂದರೂ ನಮ್ಮ ಕಂಪ್ಯೂಟರ್ ಚಕಾರ ಎತ್ತಿಲ್ಲ ನೋಡಿ ಸರ್ ಅಂದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು.

"ತಪ್ಪೇನಮ್ಮ ಇದ್ರಲ್ಲಿ? ಹತ್ತೊಂಬತ್ತು ಮನೆ ಬಾಗಿಲು ತಟ್ಟೋ ಬದ್ಲು ಒಂದೇ ಬಾಗಿಲು. ಈ ನಂಬರ್‌ಗೆ ನೀವ್ಯಾರೂ ಫೋನ್ ಮಾಡ್ಬೇಡಿ. ಇನ್ಮೇಲೆ ನಾನೇ ಮಾತಾಡ್ತೀನಿ."

ಅವತ್ತಿನಿಂದ ಅಡವಿಯಪ್ಪ ನಮ್ಮ ಸಿಸ್ಟಮ್ಮಿನಲ್ಲಿ ವಿಐಪಿ ಪೇರೆಂಟ್ ಆದರು. ಸಂಗಮೇಶ್ ಸರ್ ಅವರನ್ನು ಕರೆಯುತ್ತಿದ್ದುದು 'ಫಾದರ್' ಅಂತ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಫಾದರ್ ಊಟ ಆಯ್ತಾ, ಫಾದರ್ ಮಳೆ ಹೆಂಗಿದೆ, ಫಾದರ್ ಮಕ್ಕಳು ಏನಂತಾರೆ. ಹೆತ್ತ ತಂದೆಯನ್ನು ಅವರು ಅಷ್ಟು ವಿಚಾರಿಸಿಕೊಂಡಿದ್ದನ್ನು ನಾನು ಕಂಡಿಲ್ಲ. ಅವರ ತಂದೆ ಫೋನ್ ಮಾಡಿದರೆ ಮೀಟಿಂಗಿನಲ್ಲಿದ್ದೀನಿ ಅನ್ನುತ್ತಿದ್ದರು.

ದಿನಾ ನೀರೆರೆದರೆ ಕಲ್ಲೂ ಮೆತ್ತಗಾದೀತೇನೋ, ಅಡವಿಯಪ್ಪ ಮೊದಲೇ ಮೆತ್ತಗಿನ ಮನುಷ್ಯ. ಸ್ಪೀಕರಿನಲ್ಲಿ ಅವರ ಮಾತು ಕೇಳುತ್ತ ಕೇಳುತ್ತ ನನಗೆ ವ್ಯತ್ಯಾಸ ತಿಳಿಯತೊಡಗಿತು. ಮೊದಮೊದಲು 'ಆ ಹುಡುಗ', 'ಆ ಹುಡುಗಿ' ಅನ್ನುತ್ತಿದ್ದರು. ಆಮೇಲೆ 'ನಮ್ಮುಡ್ಗ' ಆಯಿತು. ಇನ್ನೊಂದು ವಾರಕ್ಕೆ, "ನಮ್ ಕೃತಿಕಾ ಬಸ್‌ಸ್ಟ್ಯಾಂಡಲ್ಲಿ ಯಾವನ್ ಜೊತೇಲೋ ನಗ್ತಾ ನಿಂತಿದ್ಲು ಸಾರ್, ಕರೆದು ಉಗಿದೆ" ಅಂತ ಹೇಳಿಕೊಂಡರು. ಅಪ್ಪನಾಗುವುದು ಅಂದರೆ ಅವರು ಅಕ್ಕಪಕ್ಕದ ಮನೆಗಳಲ್ಲಿ ಕಂಡದ್ದು ಅಷ್ಟೇ ಇರಬೇಕು.

ಸಂಗಮೇಶ್ ಸರ್ ಕಣ್ಣು ಮಾತ್ರ ಇಂಪನಾ ಮೇಲೆ. ಯಾಕೆ ಸರ್, ಅವಳೊಬ್ಬಳನ್ನು ಬಿಟ್ಟು ಉಳಿದ ಹದಿನೆಂಟು ಸಾಲದಾ ಅಂತ ಊಟದ ಹೊತ್ತಿನಲ್ಲಿ ಕೇಳಿದೆ. ಮುದ್ದೆ ಮುರಿಯುತ್ತ ನನಗೆ ಪಾಠ ಹೇಳಿದರು. ಒಳ್ಳೆಯ ರ‍್ಯಾಂಕಿನವಳು ಒಬ್ಬಳು ಬಂದರೆ, 'ಈ ಸಾಲಿನಲ್ಲಿ ಆರು ಸಾವಿರದೊಳಗಿನವರೂ ನಮ್ಮನ್ನೇ ಆರಿಸಿದ್ದಾರೆ' ಅಂತ ಫ್ಲೆಕ್ಸ್ ಹಾಕಬಹುದು. ಅದನ್ನು ಓದಿದ ಲಕ್ಷದ ಮೇಲಿನ ರ‍್ಯಾಂಕಿನವರು ತಾವಾಗಿಯೇ ಮ್ಯಾನೇಜ್‌ಮೆಂಟ್ ಸೀಟಿಗೆ ಬರುತ್ತಾರೆ. ಅವಳಿಗೆ ಫೀಸೇ ಬೇಡ ಅನ್ನೋಣ. ಮೊದಲ ವರ್ಷಕ್ಕೆ.

"ಎರಡ್ನೇ ವರ್ಷಕ್ಕೆ?"

"ಅಷ್ಟೊತ್ತಿಗೆ ಫ್ಲೆಕ್ಸ್ ಹಳೇದಾಗಿರುತ್ತಲ್ಲಮ್ಮ" ಅಂದರು.

ಆಯ್ಕೆಗಳನ್ನು ತಿದ್ದಲು ಇನ್ನೂ ಅವಕಾಶವಿದ್ದ ದಿನಗಳವು. ಒಂದು ಮಧ್ಯಾಹ್ನ ಸಂಗಮೇಶ್ ಸರ್ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಅಡವಿಯಪ್ಪನವರಿಗೆ ಫೋನ್ ಹಚ್ಚಿದರು. ನಾನು ಎದುರಿಗೇ ಕೂತಿದ್ದೆ.

"ಫಾದರ್, ಒಂದು ಮಾತು ಕೇಳ್ತೀನಿ. ಹೆಣ್ಮಗು ಒಂಟಿಯಾಗಿ ಬೆಂಗ್ಳೂರಲ್ಲಿ ಹೆಂಗಿರುತ್ತೆ? ಪೇಪರ್ ಓದ್ತೀರಲ್ಲ ದಿನಾ?"

"ಓದ್ತೀನಿ ಸಾರ್."

"ನಮ್ಮಲ್ಲಾದ್ರೆ ಕುಣಿಗಲ್ ಮೇಲೆ ಕಾಲೇಜ್ ಬಸ್ಸೇ ಬರುತ್ತೆ. ಸಂಜೆಗೆ ಮನೇಲಿ. ಫೀಸಿಲ್ಲ. ಫಾದರ್ ಆಗಿ ಯೋಚ್ನೆ ಮಾಡಿ."

ಆ ಕಡೆ ಝೆರಾಕ್ಸ್ ಮಷಿನ್ ಓಡುವ ಸದ್ದು ಕೇಳುತ್ತಿತ್ತು. ಅದು ನಿಂತಿತು. "ಹೌದಲ್ವಾ" ಅಂದರು ಅಡವಿಯಪ್ಪ, ಯಾರೋ ತಮ್ಮ ಹೆಗಲ ಮೇಲೆ ದೊಡ್ಡ ಜವಾಬ್ದಾರಿ ಇಟ್ಟ ದನಿಯಲ್ಲಿ. "ಹೆಣ್ಮಗು ಕಣ್ಮುಂದಿದ್ರೇ ಚೆಂದ."

"ಈಗ ಒಂದು ನಂಬರ್ ಬಂದಿರುತ್ತೆ ನೋಡಿ."

ಅವರು ನಂಬರ್ ಓದಿದರು. ಪಾಸ್‌ವರ್ಡನ್ನೂ ಹೇಳಿದರು. ಸಂಗಮೇಶ್ ಸರ್ ಬೆರಳು ಎರಡು ಸಲ ಆಡಿತು. ಬೆಂಗಳೂರಿನ ಸರ್ಕಾರಿ ಕಾಲೇಜು ಕೆಳಗೆ ಬಿತ್ತು, ನಮ್ಮದು ಮೇಲೆ ಕೂತಿತು. ಇದೇ ಉಳಿದರೆ ಇಂಪನಾಗೆ ನಮ್ಮ ಸೀಟು ಕಟ್ಟಿಟ್ಟದ್ದು. ಮೊದಲನೇ ಆಯ್ಕೆಯೇ ಸಿಕ್ಕಿದವರಿಗೆ ಮುಂದಿನ ಸುತ್ತಿನಲ್ಲಿ ಕೇಳಲು ಏನೂ ಉಳಿಯುವುದಿಲ್ಲ.

ನನಗೆ ಮೈಯೆಲ್ಲ ಉರಿಯಿತು. "ಸರ್, ಅವರು ಆ ಹುಡುಗಿ ತಂದೆ ಅಲ್ಲ!"

"ಸಿಸ್ಟಮ್‌ನಲ್ಲಿ ಯಾರ ನಂಬರ್ ಇದೆ?"

"ಅಡವಿಯಪ್ಪನವರದು."

"ಮುಗೀತಲ್ಲ" ಅಂದು ಮುಂದಿನ ಫೋನ್ ಎತ್ತಿಕೊಂಡರು.

ಕೆಲವು ದಿನಕ್ಕೆ ಅಣಕು ಹಂಚಿಕೆ ಬಂತು. ಯಾರಿಗೆ ಎಲ್ಲಿ ಸೀಟು ಸಿಗಬಹುದು ಅಂತ ಮೊದಲೇ ತೋರಿಸಿ, ಬೇಡದವರು ಆಯ್ಕೆ ತಿದ್ದಿಕೊಳ್ಳಲಿ ಅಂತ ಸ್ವಲ್ಪ ಕಾಲ ಕೊಡುವ ವ್ಯವಸ್ಥೆ ಅದು. ಆ ಕಾಲ ಮುಗಿಯುವ ದಿನವೇ ನಮ್ಮ ಕಾಲೇಜಿನಲ್ಲಿ 'ಪೋಷಕ ರತ್ನ' ಸನ್ಮಾನ ಇಟ್ಟುಕೊಂಡರು. ಇಡೀ ವರ್ಷದಲ್ಲಿ ಬೇರೆ ದಿನವೇ ಸಿಗಲಿಲ್ಲವಾ ಸರ್ ಅಂದೆ. "ಅವತ್ತು ಆ ಫೋನ್ ನಮ್ಮ ಕಣ್ಮುಂದೆ ಇರ್ಲಿ" ಅಂದರು. ಎಷ್ಟು ಸರಳ.

ಬೆಳಿಗ್ಗೆಯೇ ಕಾರು ಕಳಿಸಿ ಅಡವಿಯಪ್ಪನವರನ್ನು ಕರೆತಂದರು. ಕಾಲೇಜ್ ಬಸ್ಸಿನಲ್ಲಿ ಹುಲಿಯೂರುದುರ್ಗ, ಕುಣಿಗಲ್ ಕಡೆಯ ತಂದೆತಾಯಿಗಳೂ ಬಂದರು. ಕಾರ್ಯಕ್ರಮ ಆದಮೇಲೆ ಹೋಳಿಗೆ ಊಟ ಇತ್ತು. ನಾನು ಮೊದಲ ಸಲ ಅಡವಿಯಪ್ಪನವರ ಮುಖ ನೋಡಿದ್ದು ಆಗಲೇ. ಸಣ್ಣ ಆಳು. ಹೊಸ ಬಿಳಿ ಅಂಗಿ, ಅಂಗಿಯ ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಅವರಿಗಿಂತ ಅವರ ಫೋನೇ ದೊಡ್ಡದಾಗಿತ್ತು.

ಸಮಾರಂಭ ಒಳಗೆ ಶುರುವಾದ ಮೇಲೆ ರಿಸೆಪ್ಷನ್ನಿನಲ್ಲಿ ಗಲಾಟೆ ಕೇಳಿ ಎದ್ದು ಹೋದೆ. ಹೆಗಲಿಗೆ ಟವೆಲ್ ಹಾಕಿಕೊಂಡ ಒಬ್ಬ ರೈತರು, ಅವರ ಪಕ್ಕ ಬಡಕಲು ಹುಡುಗಿ. ಹುಡುಗಿಯ ಮುಖ ಅತ್ತು ಅತ್ತು ಊದಿತ್ತು. ಆದರೆ ಆಗ ಅಳುತ್ತಿರಲಿಲ್ಲ. ಫೋನಿನ ಪರದೆಯಲ್ಲಿ ಓಟಿಪಿ ಕೇಳುವ ಪುಟ ತೆರೆದಿಟ್ಟುಕೊಂಡು ಸುಮ್ಮನೆ ನಿಂತಿದ್ದಳು. ಇಂಪನಾ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಅಂಗಡಿಗೆ ಹೋದರೆ ಬೀಗ ಹಾಕಿತ್ತಂತೆ. ಅಡವಿಯಪ್ಪನವರ ಹೆಂಡತಿ ಗಂಗಲಕ್ಷ್ಮಮ್ಮ, 'ಅವರಿಗೆ ತುಮಕೂರಲ್ಲಿ ಸನ್ಮಾನ' ಅಂದರಂತೆ. ಫೋನ್ ಮಾಡಿದರೆ ಎತ್ತುತ್ತಿಲ್ಲ. ಸನ್ಮಾನಿತರ ಫೋನುಗಳನ್ನೆಲ್ಲ ಸೈಲೆಂಟ್ ಮಾಡಿಸಿದ್ದರಲ್ಲ!

ಸಂಗಮೇಶ್ ಸರ್ ಒಳಗಿನಿಂದ ಬಂದರು. "ಯಾರಪ್ಪಾ ನೀವು?"

"ನಾನು ಲಕ್ಷ್ಮೀನರಸಿಂಹಯ್ಯ. ಇವಳಪ್ಪ. ಇವಳು ಹಾಕಿದ್ದ ಕಾಲೇಜನ್ನ ಯಾರೋ ಬದಲಾಯಿಸವ್ರೆ. ನಮ್ ಅಡವಿಯಪ್ಪನ್ನ ಒಂಚೂರು ಕರೀರಿ."

ಸರ್ ಲ್ಯಾಪ್‌ಟಾಪ್ ನೋಡಿದರು. ಬಹಳ ವಿನಯದಿಂದ ತಲೆ ಅಲ್ಲಾಡಿಸಿದರು. "ಸಾರಿ ಸರ್. ಇಂಪನಾ ಅವರ ಪೇರೆಂಟ್ ಅಂತ ನಮ್ಮಲ್ಲಿ ಬೇರೆಯವರ ನಂಬರ್ ಇದೆ. ನೀವು ಪೇರೆಂಟ್‌ನ ಕರ್ಕೊಂಡ್ ಬನ್ನಿ, ಮಾತಾಡೋಣ."

"ಹುಟ್ಟಿಸ್ದೋನು ನಾನು ಕಣಯ್ಯ!"

"ಎಮೋಷನಲ್ ಆಗ್ಬೇಡಿ ಸರ್. ಪ್ರೂಫ್ ಏನಾದ್ರೂ ಇದ್ಯಾ?"

ಲಕ್ಷ್ಮೀನರಸಿಂಹಯ್ಯ ಜೇಬಿನಿಂದ ಆಧಾರ್ ಕಾರ್ಡ್ ತೆಗೆದು ಕೊಟ್ಟರು. ಸರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಹೆಸರೇನೋ ಸರಿಯಿದೆ. ಆದ್ರೆ ಓಟಿಪಿ ನಿಮಗೆ ಬರಲ್ವಲ್ಲ" ಅಂದು ವಾಪಸು ಕೊಟ್ಟು ಒಳಗೆ ಹೋದರು.

ಅಪ್ಪ ಕಾರ್ಡನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಹುಡುಗಿ ಗೋಡೆ ಗಡಿಯಾರ ನೋಡಿದಳು. ಸಂಜೆಗೆ ಪುಟ ಮುಚ್ಚುತ್ತದೆ. ನನಗೆ ಸಿಟ್ಟು ಬಂದರೆ ಮಾತು ಬರುವುದಿಲ್ಲ, ಕಾಲು ಬರುತ್ತದೆ. "ನನ್ನ ಜೊತೆ ಬನ್ನಿ" ಅಂದು ಅಡುಗೆಯವರು ಓಡಾಡುವ ಬಾಗಿಲಿನಿಂದ ಇಬ್ಬರನ್ನೂ ಒಳಗೆ ಕರೆದುಕೊಂಡು ಹೋದೆ. ಹೋಳಿಗೆ ಬೇಯಿಸುತ್ತಿದ್ದ ಹೆಂಗಸರು ದಾರಿ ಬಿಟ್ಟರು.

ಹಾಲ್ ತುಂಬಿತ್ತು. ವೇದಿಕೆಯ ಮೇಲೆ ಅಡವಿಯಪ್ಪ ಮೈಸೂರು ಪೇಟ ಇಟ್ಟುಕೊಂಡು, ಶಾಲು ಹೊದ್ದು, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಿರೂಪಕಿ, "ಹತ್ತೊಂಬತ್ತು ಮಕ್ಕಳ ಹೆಮ್ಮೆಯ ತಂದೆ, ಎರಡು ಮಾತಾಡಬೇಕು" ಅಂದಳು. ಚಪ್ಪಾಳೆ ಬಿತ್ತು. ತಟ್ಟಿದವರಲ್ಲಿ ಆ ಹತ್ತೊಂಬತ್ತು ಮಕ್ಕಳ ನಿಜವಾದ ಅಪ್ಪಂದಿರು ಏಳೆಂಟು ಜನ ಇದ್ದರು. ಒಬ್ಬರಿಗೂ ಏನೂ ಅನ್ನಿಸಿದ ಹಾಗಿರಲಿಲ್ಲ. ಹೋಳಿಗೆ ವಾಸನೆ ಅಷ್ಟು ಚೆನ್ನಾಗಿ ಬರುತ್ತಿತ್ತು.

ಅಡವಿಯಪ್ಪ ಮೈಕ್ ಹಿಡಿದರು. "ಮಕ್ಳನ್ನ ಬೆಳೆಸೋದು ಅಂದ್ರೆ ಸುಲಭ ಅಲ್ಲ..." ಅಂದರು. ಅಷ್ಟರಲ್ಲಿ ನಡುವಿನ ದಾರಿಯಲ್ಲಿ ಇಂಪನಾ ನಡೆದು ಬರುವುದು ಕಂಡಿತು. ಮಾತು ನಿಂತಿತು.

ಅವಳು ವೇದಿಕೆಯ ಕೆಳಗೆ ನಿಂತು ಕತ್ತೆತ್ತಿದಳು. "ಮಾಮ, ನಾನು ಟೈಪ್ ಮಾಡ್ಸಿದ್ದೇನು? ನೀವೇ ತಾನೇ ಮಾಡಿದ್ದು?"

"ನಿನ್ ಒಳ್ಳೇದಕ್ಕೆ ಕಣವ್ವ... ಬೆಂಗ್ಳೂರಲ್ಲಿ ಒಬ್ಳೇ..." ಮೈಕು ಕೈಯಲ್ಲೇ ಇದ್ದದ್ದರಿಂದ ಇಡೀ ಹಾಲಿಗೆ ಕೇಳಿಸಿತು.

"ಇವತ್ತೇ ಕೊನೆ ಮಾಮ. ಈಗ ಓಟಿಪಿ ಕಳಿಸ್ತೀನಿ. ಹೇಳಿ."

ಸಂಗಮೇಶ್ ಸರ್ ಇನ್ನೊಂದು ಮೈಕ್ ಕಿತ್ತುಕೊಂಡರು. ನಗುತ್ತಲೇ ಇದ್ದರು, ಆ ನಗು ಅವರಿಗೆ ಯೂನಿಫಾರ್ಮ್ ಇದ್ದ ಹಾಗೆ. "ಆತ್ಮೀಯರೇ, ಇದು ಮನೆ ವಿಷಯ. ತಂದೆ ತೀರ್ಮಾನ ಮಾಡಿದ ಮೇಲೆ ಮಕ್ಕಳು ಎದುರಾಡಬಾರದು. ನಮ್ಮ ಸಂಸ್ಕೃತಿ ಅದಲ್ಲ. ಫಾದರ್, ನೀವೇ ಹೇಳಿ. ಮಗಳಿಗೆ ಬುದ್ಧಿ ಹೇಳಿ."

ಎಲ್ಲರೂ ಅಡವಿಯಪ್ಪನವರನ್ನೇ ನೋಡಿದರು. ಅವರು ಎಲ್ಲರನ್ನೂ ನೋಡಿದರು. ಅಷ್ಟು ಜನ ತಮ್ಮನ್ನು ಒಟ್ಟಿಗೆ ಅಪ್ಪ ಅಂತ ಒಪ್ಪಿಕೊಂಡು ಕೂತದ್ದು ಆ ಮನುಷ್ಯನ ಬದುಕಿನಲ್ಲಿ ಅದೊಂದೇ ಸಲ ಇರಬೇಕು. ಹೂಂ ಅಂದರೆ ಆ ಪಟ್ಟ ಅವರದೇ. ನನಗೆ ಅವರ ಮೇಲೆ ಕೋಪವೂ ಬಂತು, ಅಯ್ಯೋ ಅಂತಲೂ ಅನ್ನಿಸಿತು.

ಹಿಂದಿನಿಂದ ಲಕ್ಷ್ಮೀನರಸಿಂಹಯ್ಯನವರ ದನಿ ಬಂತು. ಕೂಗಲಿಲ್ಲ. "ಏನ್ಲಾ ಅಡವಿಯಪ್ಪ, ಹೇಳ್ಬುಡು. ನೀನೇ ಅವಳಪ್ಪ ಆದ್ರೆ ನಾನು ಮನೆಗೋಯ್ತೀನಿ."

ಅಡವಿಯಪ್ಪನವರ ಫೋನು ಜೇಬಿನಲ್ಲಿ ಒಮ್ಮೆ ಅದುರಿತು. ತೆಗೆದು ನೋಡಿದರು. ಪೇಟವನ್ನು ತಲೆಯಿಂದ ತೆಗೆದು ಹಣ್ಣಿನ ಬುಟ್ಟಿಯ ಮೇಲಿಟ್ಟರು.

"ನಾನು ಯಾರಿಗೂ ಅಪ್ಪ ಅಲ್ಲ ಸ್ವಾಮಿ" ಅಂದರು. "ನಂದು ಝೆರಾಕ್ಸ್ ಅಂಗಡಿ."

ಆಮೇಲೆ, ಅಂಗಡಿಯಲ್ಲಿ ದಿನಾ ಓದುವ ಹಾಗೆ, ಒಂದೊಂದೇ ಅಂಕಿಯನ್ನು ಬಿಡಿಸಿ ಬಿಡಿಸಿ ಓಟಿಪಿ ಓದಿದರು. ಮೈಕ್ ಕೆಳಗಿಡುವುದು ಮರೆತಿತ್ತು. ಆ ಅಂಕಿಗಳನ್ನು ತಾವೇ ಮೊದಲು ಹೊಡೆಯಲು ಸಂಗಮೇಶ್ ಸರ್ ಲ್ಯಾಪ್‌ಟಾಪಿನ ಕಡೆ ಧಾವಿಸಿದರು. ದಾರಿಯಲ್ಲಿ ಹಣ್ಣಿನ ಬುಟ್ಟಿ ಇತ್ತು. ಮೋಸಂಬಿಗಳು ವೇದಿಕೆಯ ಮೇಲೆಲ್ಲ ಉರುಳಿದವು, ಮೊದಲ ಸಾಲಿನ ಪೋಷಕರು ಆರಿಸಿಕೊಳ್ಳಲು ಎದ್ದರು. ಅಷ್ಟರಲ್ಲಿ ಇಂಪನಾ ತನ್ನ ಫೋನಿನಲ್ಲಿ ಲಾಗಿನ್ ಆಗಿಯಾಗಿತ್ತು. ಅವಳ ಪಕ್ಕ ಕೂತು ಪಾಸ್‌ವರ್ಡ್ ಬದಲಾಯಿಸುವುದು ಎಲ್ಲಿ ಅಂತ ನಾನು ತೋರಿಸಿದೆ. ಬೆಂಗಳೂರಿನ ಸರ್ಕಾರಿ ಕಾಲೇಜು ಮೇಲೆ ಬಂತು, ನಮ್ಮದನ್ನು ಅವಳು ಪಟ್ಟಿಯಿಂದಲೇ ಅಳಿಸಿದಳು. ಸೇವ್ ಒತ್ತಿದ ಮೇಲೆ ಮತ್ತೊಮ್ಮೆ ತೆರೆದು ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ಅತ್ತಳು.

"ಮಾಲಿನಿ, ನೀನು ನನ್ನ ಚೇಂಬರಿಗೆ ಬಾ" ಅಂದರು ಸಂಗಮೇಶ್ ಸರ್. ಈ ಸಲ ನಗುತ್ತಿರಲಿಲ್ಲ. ನಾನು ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಬೀದಿಯವರು ಮಾಲಿನಿ ಈಗ ರಜದಲ್ಲಿದ್ದಾಳೆ ಅಂತ ತಿಳಿದುಕೊಂಡಿದ್ದಾರೆ.

ಅವತ್ತು ನಾನು, ಅಪ್ಪ, ಮಗಳು, ಅಡವಿಯಪ್ಪ, ನಾಲ್ವರೂ ಶಿರಾ ಗೇಟಿನವರೆಗೆ ನಡೆದೇ ಬಂದೆವು. ಹೋಳಿಗೆ ಯಾರೂ ತಿನ್ನಲಿಲ್ಲ. ನನಗೇನೋ ಸ್ವಲ್ಪ ಆಸೆ ಇತ್ತು. ಬಸ್ಸಿಗೆ ಕಾಯುವಾಗ ಅಡವಿಯಪ್ಪ ನಮ್ಮಿಂದ ದೂರ, ಟೈರ್ ಅಂಗಡಿಯ ಕಂಬಕ್ಕೆ ಒರಗಿ ನಿಂತರು. ಲಕ್ಷ್ಮೀನರಸಿಂಹಯ್ಯ ಅವರ ಕಡೆ ನೋಡಲೇ ಇಲ್ಲ. ಆಮೇಲೆ ಹುಡುಗಿಗೆ ಅಂತ ಎಳನೀರು ತರಲು ಹೋದವರು, ಬರುವಾಗ ಕೈಯಲ್ಲಿ ಎರಡು ಹಿಡಿದಿದ್ದರು. ಒಂದನ್ನು ಆ ಕಂಬದ ಕಡೆ ಚಾಚಿದರು.

"ನಿನ್ ಮಗಳು ಕಣೋ, ತೆಪ್ಪಾಯ್ತು" ಅಂದರು ಅಡವಿಯಪ್ಪ.

"ಕುಡಿಲಾ, ಬಸ್ ಬರ್ತದೆ."

ಅಷ್ಟರಲ್ಲಿ ಫೋನು ಅದುರಿತು. ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಕೂತು ಕೂತು ಅಡವಿಯಪ್ಪನವರಿಗೆ ಯಾವ ಕರೆಯನ್ನಾದರೂ ಸ್ಪೀಕರಿಗೆ ಹಾಕುವುದೇ ಅಭ್ಯಾಸ. ಹುಡುಗಿಯೊಬ್ಬಳ ದನಿ, ಯಾವುದೋ ಬೇರೆ ಕಾಲೇಜು. ನಾನು ದಿನಕ್ಕೆ ನೂರು ಸಲ ಹೇಳುತ್ತಿದ್ದ ಮಾತೇ, ಅದೇ ರಾಗದಲ್ಲಿ. "ಇಂಪನಾ ತಂದೆಯವರಾ ಸರ್?"

ಅಡವಿಯಪ್ಪನವರ ಬಾಯಿ ಹೂಂ ಅನ್ನಲು ತೆರೆಯಿತು. ತೆರೆದ ಬಾಯನ್ನು ಮುಚ್ಚಿದರು. "ಅವರಪ್ಪ ಇಲ್ಲೇ ಅವ್ರೆ. ಕೊಡ್ತೀನಿ ಇರವ್ವ" ಅಂದರು.

ಲಕ್ಷ್ಮೀನರಸಿಂಹಯ್ಯ ಎಳನೀರನ್ನು ನನ್ನ ಕೈಗೆ ಕೊಟ್ಟು, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಇಷ್ಟು ದಿನದಲ್ಲಿ ಅವರನ್ನು ಮಾತಾಡಿಸಿದ ಮೊದಲ ಕಾಲೇಜು ಅದು.

"ನಮಸ್ತೆ ಸರ್. ಮಗಳಿಗೆ ತುಂಬಾ ಒಳ್ಳೆ ರ‍್ಯಾಂಕ್ ಬಂದಿದೆ, ಅಭಿನಂದನೆ. ಮಗಳನ್ನ ಏನು ಓದಿಸ್ಬೇಕು ಅಂತಿದೀರಿ?"

ಅವರು ಉತ್ತರ ಹೇಳಲು ಹೊರಟವರು ಹಾಗೇ ಮಗಳ ಮುಖ ನೋಡಿದರು. "ಓದೋಳು ಅವ್ಳು. ಅವಳ್ನೇ ಕೇಳವ್ವ" ಅಂದು ಫೋನನ್ನು ಅವಳಿಗೆ ಕೊಟ್ಟರು.

"ಹಲೋ" ಅಂದಳು ಇಂಪನಾ. "ನಾನೇ ಇಂಪನಾ."

"ಹಾಯ್ ಪುಟ್ಟ" ಅಂದಿತು ಆ ದನಿ. "ಫೋನ್ ಒಂದ್ನಿಮಿಷ ಅಪ್ಪನಿಗೆ ಕೊಡ್ತೀಯಾಮ್ಮ?"

ಇಂಪನಾ ಅಪ್ಪನನ್ನು ನೋಡಿದಳು, ಅಡವಿಯಪ್ಪನವರನ್ನು ನೋಡಿದಳು. ಇಬ್ಬರೂ ಕೈ ಚಾಚಲಿಲ್ಲ.

"ಅಪ್ಪನೇ ಕೊಟ್ಟಿದ್ದು" ಅಂದಳು. "ನನ್ನ ಹತ್ರ ಹೇಳಿ."

ಆ ಕಡೆಯ ಹುಡುಗಿಗೆ ಕಲಿಸಿದ್ದು ಅಪ್ಪನಿಗೆ ಹೇಳುವ ಮಾತು ಮಾತ್ರ. ಫೋನ್ ಇಟ್ಟುಬಿಟ್ಟಳು.